ಮಡಕೆ ಒಡೆಯುವ ಹಕ್ಕು

ನೆಲಕ್ಕೆ ಬಿದ್ದ ಬೋಗುಣಿ ಠಣ್ಣೆಂದು ಪುಟಿದು, ಬೂದಿ ಚೆಲ್ಲುತ್ತ ಉರುಳಿಹೋಗಿ ಶವದ ಗಾಡಿಯ ಚಕ್ರಕ್ಕೆ ತಗುಲಿ ನಿಂತಿತು. ಒಡೆಯಲಿಲ್ಲ.

ಒಡೆಯುವುದಾದರೂ ಹೇಗೆ? ಶವ ಹೊರಡುವ ಮುನ್ನ ಮಗನಾದವನು ಬೂದಿ ತುಂಬಿದ ಮಣ್ಣಿನ ಬೋಗುಣಿಯನ್ನು ಒಡೆಯುವಂಥ ಪದ್ಧತಿಗಳನ್ನೆಲ್ಲ ಸರ್ಕಾರ ನಿಲ್ಲಿಸಿ ಹದಿನೈದು ವರ್ಷವಾಗಿತ್ತು. ತಿಯಾಂಜಿನ್ನಿನ ಅಂಗಡಿಗಳಲ್ಲಿ ಮಣ್ಣಿನ ಬೋಗುಣಿ ಸಿಗುತ್ತಿರಲಿಲ್ಲ. ತೀರಿಕೊಂಡ, ಗಂಡುಪಾತ್ರಗಳಿಗೆ ಹೆಸರಾಗಿದ್ದ ನಟಿ ಜೀ ಯುನ್‌ಷಾನ್‌ಗೆ ಮಕ್ಕಳಿರಲಿಲ್ಲ. ಮಗನ ಸ್ಥಾನದಲ್ಲಿ ನಿಂತ ತಮ್ಮನ ಮಗ ದೆಹೌ, ಕಾಗದ ಸುಟ್ಟ ಬೂದಿ ತುಂಬಿದ ಎನಾಮಲ್ ಬೋಗುಣಿಯನ್ನೇ ಎತ್ತಿ ಹಾಕಿದ್ದ.

“ಇನ್ನೊಂದ್ಸಲ ಹಾಕ್ತೀನಿ.”

“ಒಬ್ರಿಗೆ ಒಂದೇ ಸಲ ಕಣಪ್ಪಾ,” ಎಂದ ಮುದಿ ಚಾಲಕ. “ಒಡೀದೆ ನಾನು ಗಾಡಿ ತೆಗೆಯಲ್ಲ.”

“ನಾನು ಒಡೀತೀನಿ,” ಎಂದಳು ನಟಿಯನ್ನು ‘ಯಜಮಾನರು’ ಎಂದೇ ಕರೆಯುತ್ತಿದ್ದ ಇಪ್ಪತ್ತು ವರ್ಷದ ಶಿಷ್ಯೆ ರುಯಿಫೆನ್.

ದೆಹೌ ನಕ್ಕ. “ಒಡೆದೋರೇ ವಾರಸುದಾರರು, ಗೊತ್ತಲ್ಲ? ಅತ್ತೇನೂ ಹೆಂಗಸು, ನೀನೂ ಹೆಂಗಸು. ಗಡ್ಡ ಅಂಟಿಸ್ಕೊಂಡ್ರೆ ಗಂಡಸಾಗ್ಬಿಡ್ತಾರಾ?”

ರುಯಿಫೆನ್‌ಗೆ ಮೈಯೆಲ್ಲ ಉರಿಯಿತು. ಯಜಮಾನರು ಗಂಡುಪಾತ್ರದ ವಿದ್ಯೆಯನ್ನು ಧಾರೆಯೆರೆದದ್ದು ತನಗೊಬ್ಬಳಿಗೆ. ಒಂದು ಪದವನ್ನೂ ಹಾಡಲು ಬಾರದ ಇವನು ವಾರಸುದಾರನೇ?

*

ಜಪಾನಿನ ಸೈನ್ಯ ಊರು ಹಿಡಿದಿದ್ದ ಕಾಲ. ಅಧಿಕಾರಿಗಳ ಸ್ವಾಗತಕ್ಕೆ ಹೆಣ್ಣಿನ ಉಡುಪಿನಲ್ಲೇ ಬಂದು ಹಾಡಬೇಕೆಂದು ಯಜಮಾನರಿಗೆ ಅಪ್ಪಣೆಯಾಯಿತು. ಎಂದಿನ ಸೇನಾಪತಿಯ ವೇಷ ಬೇಡ, ಗಡ್ಡ ಬೇಡ.

ಅವರು ಹೂವಿನ ರೇಷ್ಮೆಯುಟ್ಟು, ಓಲೆಯಿಟ್ಟು, ತುಟಿಗೆ ಬಣ್ಣ ಬಳಿದು ಹೋದರು. ಬಾಯಿ ತೆರೆದರೆ ಗಡಿ ಕಾಯುವ ಮುದಿ ಸೇನಾಪತಿಯ ದನಿ! ಹಿಂದಿನ ಸಾಲುಗಳ ಚೀನೀಯರೆಲ್ಲ ಎದ್ದು ನಿಂತರು. ಯುದ್ಧ ಮುಗಿಯುವತನಕ ಯಜಮಾನರನ್ನು ರಂಗ ಹತ್ತಲು ಬಿಡಲಿಲ್ಲ.

“ಉಡುಪು ಅವ್ರು ಹೇಳಿದ್ದೇ ಹಾಕಿದ್ನಲ್ಲೇ!” ಎಂದು ಈ ಕತೆ ಹೇಳುವಾಗಲೆಲ್ಲ ನಗುತ್ತಿದ್ದರು.

*

ರುಯಿಫೆನ್ ಒಳಗೆ ಹೋಗಿ, ಯಜಮಾನರು ಗಂಟಲಿಗೆಂದು ಕಷಾಯ ಕಾಯಿಸುತ್ತಿದ್ದ ಮಣ್ಣಿನ ಮಡಕೆ ತಂದಳು. ನೆಲದ ಮೇಲಿನ ಬೂದಿಯನ್ನು ಕೈಯಾರೆ ಬಳಿದು ಅದಕ್ಕೆ ತುಂಬಿದಳು.

ದೆಹೌ ಅಡ್ಡ ನಿಂತ. “ಯಾವ ಹಕ್ಕಿಂದ?”

“ಮಗನ ಹಕ್ಕಿಂದ!”

ಹೊಕ್ಕುಳಿನಿಂದ ಎದ್ದ ಗಂಡುದನಿ ಓಣಿಯ ಗೋಡೆಗಳಿಗೆ ಬಡಿಯಿತು. ಅದು ಥೇಟ್ ಯಜಮಾನರ ದನಿ. ಚಾಲಕ ಟೊಪ್ಪಿಗೆ ತೆಗೆದ. ದೆಹೌ ಪಕ್ಕಕ್ಕೆ ಸರಿದ.

ಮಡಕೆ ಒಂದೇ ಏಟಿಗೆ ನುಚ್ಚುನೂರಾಯಿತು.

ಸಾವಿನ ಮನೆಯೆಂಬುದನ್ನೂ ಮರೆತು ಮುದಿ ಅಭಿಮಾನಿಗಳು, ನಾಟಕದ ಮನೆಯಲ್ಲಿ ಕೂಗುವಂತೆ, “ಭಲೇ! ಭಲೇ!” ಎಂದು ಕೂಗಿದರು. ರುಯಿಫೆನ್ ಯಜಮಾನರ ಚಿತ್ರಪಟವನ್ನು ಎದೆಗೊತ್ತಿಕೊಂಡು ಬೆನ್ನು ನೆಟ್ಟಗೆ ಮಾಡಿದಳು. ಕಣ್ಣೀರು ಗಲ್ಲದಿಂದ ತೊಟ್ಟಿಕ್ಕುತ್ತಿದ್ದರೂ ಒರೆಸಿಕೊಳ್ಳದೆ, ಸೇನಾಪತಿಯ ಭಾರದ ಹೆಜ್ಜೆ ಹಾಕುತ್ತ ಓಣಿಯ ನಟ್ಟನಡುವೆ ನಡೆದಳು. ಗಾಡಿ ಅವಳ ಹಿಂದೆ ಹೊರಟಿತು.