ನಗು ಬಂದ ಜಾಗ

ನರಿಯ ಆ್ಯನಿಮೇಷನ್ ಸಿನಿಮಾದ ಎರಡನೇ ಭಾಗದ ಬಗ್ಗೆ ಮೈದುನನಿಗೂ ನಾದಿನಿಗೂ ಮತ್ತೆ ಜಗಳ ಹತ್ತಿತು.

"ನರಿಗೆ ಬಾಲ ಬರೆಯೋಕೂ ದುಡ್ಡಿರಲಿಲ್ಲ ಪಾಪ. ಅದೂ ಒಂದು ಸಿನಿಮಾನಾ?" ಎಂದ ಮೈದುನ.

"ಬಾಯಿ ಮುಚ್ಚೋ. ಅಣ್ಣನಿಗೆ ಅದು ಇಷ್ಟ ಇತ್ತು. ಅಲ್ವಾ ಅತ್ತಿಗೆ?"

ಅವರ ಅಣ್ಣ, ನನ್ನ ಗಂಡ, ತೀರಿಕೊಂಡು ಐದು ತಿಂಗಳಾಗಿತ್ತು. ಆ ಸಿನಿಮಾವನ್ನು ನಾವು ಒಟ್ಟಿಗೇ ನೋಡಿದ್ದೆವು.

"ನರಿ ಸೇತುವೆ ದಾಟುವಾಗ ಬಿದ್ದು ಬಿದ್ದು ನಕ್ಕಿದ್ರು," ಎಂದೆ.

"ಚೆನ್ನಾಗಿದೆ ಅಂತ ನಕ್ನಾ, ಕೆಟ್ಟದಾಗಿದೆ ಅಂತ ನಕ್ನಾ?" ಎಂದಳು ನಾದಿನಿ.

ಹೆಂಡತಿಗೆ ಅಷ್ಟು ಗೊತ್ತಿರಬೇಕಿತ್ತು. ಡಿಸ್ಕ್ ಹಾಕಿಸಿದೆ. ಸೇತುವೆ ಬಂತು, ನರಿ ದಾಟಿತು. ಮೂವರಲ್ಲಿ ಯಾರಿಗೂ ನಗು ಬರಲಿಲ್ಲ.

"ಅದು ಬೇರೆ ಯಾವುದೋ ಸಿನಿಮಾ ಇರಬೇಕು ಅತ್ತಿಗೆ," ಎಂದ ಮೈದುನ ಮೆಲ್ಲಗೆ.

"ಇದೇ," ಎಂದೆ. ಹೇಳಿದ ಮೇಲೆ ಅದೂ ಖಾತ್ರಿಯಿರಲಿಲ್ಲ.