ಹಿಂದಿನ ಕೋಣೆಯ ಬಾಡಿಗೆ

ಗ್ರಾಂಟ್ ಅದನ್ನು ಕೇಳಿದ್ದು ತಮಾಷೆಗೆ. ಅವನು ಹೆರನ್ಸ್ ರಗ್ಬಿ ಲೀಗ್ ಕ್ಲಬ್ಬಿನ ಮುಖ್ಯಸ್ಥ. ಟೀ ಕುಡಿಯುತ್ತಾ ಎದುರಿಗೆ ಕುಳಿತಿದ್ದ ರೇಲೀನ್ ಅಲ್ಲಿನ ಆಟಗಾರರ ಸಂಬಳ, ಕರಾರುಗಳನ್ನೆಲ್ಲ ನೋಡಿಕೊಳ್ಳುವವಳು.

"ಅಪಿಸಾಯಿ ಇನ್ನೂ ನಿನ್ನ ಮನೆ ಹಿಂದಿನ ಕೋಣೆಲೇ ಬಿದ್ಕೊಂಡಿದಾನಾ? ಎಷ್ಟು ಬಾಡಿಗೆ ಕಿತ್ಕೋತೀಯ ಪಾಪದವನ ಹತ್ರ?"

"ಬಾಡಿಗೆನಾ? ಅಂಗಳದ ಹುಲ್ಲು ಕತ್ತರಿಸ್ತಾನೆ, ಅದೇ ಬಾಡಿಗೆ," ಎಂದು ರೇಲೀನ್ ನಕ್ಕಳು. ನಗು ಅರ್ಧಕ್ಕೇ ನಿಂತಿತು.

ಗ್ರಾಂಟ್ ಕಪ್ಪನ್ನು ಕೆಳಗಿಟ್ಟ. "ತಮಾಷೆ ಮಾಡ್ತಿದೀಯ ತಾನೇ?"

ಒಂದು ತಂಡ ತನ್ನ ಆಟಗಾರರಿಗೆಲ್ಲ ಸೇರಿ ವರ್ಷಕ್ಕೆ ಇಷ್ಟೇ ಸಂಬಳ ಕೊಡಬಹುದು ಎಂದು ಲೀಗ್ ಮಿತಿ ಹಾಕಿದೆ. ದುಡ್ಡಿದ್ದ ಕ್ಲಬ್ಬುಗಳು ಒಳ್ಳೆಯ ಆಟಗಾರರನ್ನೆಲ್ಲ ಬಾಚಿಕೊಳ್ಳಬಾರದಲ್ಲ. ಕ್ಲಬ್ಬಿಗೆ ಸಂಬಂಧಪಟ್ಟವರು ಕೈಯೆತ್ತಿ ಏನನ್ನೇ ಕೊಟ್ಟರೂ, ಕಾರಾಗಲಿ ಮನೆಯಾಗಲಿ, ಅದೂ ಸಂಬಳವೇ. ಇದನ್ನು ಹೊಸ ಹುಡುಗರಿಗೆ ಪ್ರತಿ ವರ್ಷ ಪಾಠದ ಹಾಗೆ ಹೇಳಿಕೊಡುತ್ತಿದ್ದವಳೇ ರೇಲೀನ್. ಕ್ಲಬ್ಬಿಗೆ ಮಾಂಸ ಕೊಡುವ ಕಟುಕನೊಬ್ಬ ಪ್ರೀತಿಯಿಂದ ಕೊಟ್ಟ ಬಾರ್ಬೆಕ್ಯೂ ಒಲೆಯನ್ನು ಹೋದ ವರ್ಷವಷ್ಟೇ ಒಬ್ಬ ಆಟಗಾರನಿಂದ ವಾಪಸು ಕೊಡಿಸಿದ್ದಳು. ಆ ಹುಡುಗ ಒಲೆಯನ್ನು ಪಿಕಪ್ ಗಾಡಿಗೆ ಎತ್ತುತ್ತಾ, "ಒಂದೇ ಒಂದು ಸಾಸೇಜ್ ಸುಟ್ಕೊಂಡಿದ್ದೆ ಆಂಟಿ, ಅದನ್ನೂ ಬರ್ಕೋತೀರಾ?" ಎಂದು ಕೇಳಿದ್ದ.

ಎಳೆಯ ಆಟಗಾರರನ್ನು ಕ್ಲಬ್ಬಿನವರ ಮನೆಗಳಲ್ಲಿ ಇರಿಸುವುದು ಇಲ್ಲಿಯ ಪದ್ಧತಿ. ಅದಕ್ಕೆ ಲೀಗಿನ ತಕರಾರಿಲ್ಲ. ಫಿಜಿಯ ಸಿಂಗಾಟೋಕಾದಿಂದ ಬಂದ ಅಪಿಸಾಯಿ ಹದಿನಾರರ ಹುಡುಗನಾಗಿ ರೇಲೀನಳ ಮನೆ ಸೇರಿದ್ದ. ದೊಡ್ಡ ತಂಡಕ್ಕೆ ಆಯ್ಕೆಯಾಗಿ ಪೂರ್ತಿ ಸಂಬಳ ಪಡೆಯತೊಡಗಿದ ದಿನವೇ ಆ ವಿನಾಯಿತಿ ಮುಗಿದಿತ್ತು. ಬೇರೆ ಯಾರ ವಿಷಯದಲ್ಲಾದರೂ ಅದು ತಕ್ಷಣ ಅವಳ ಕಣ್ಣಿಗೆ ಬೀಳುತ್ತಿತ್ತು. ಇವನ ವಿಷಯದಲ್ಲಿ ಬೀಳಲೇ ಇಲ್ಲ. ಮನೆಯ ಮಗ ಬಾಡಿಗೆ ಕೊಡುತ್ತಿಲ್ಲವೆಂದು ಯಾವ ತಾಯಿಗೆ ಹೊಳೆಯುತ್ತದೆ?

ಹೆತ್ತ ಮಕ್ಕಳು ಅವಳಿಗಿರಲಿಲ್ಲ. ಗಂಡ ಗಣಿ ಕೆಲಸಕ್ಕೆಂದು ಪರ್ತ್‌ಗೆ ಹೋದವನು ಅಲ್ಲೇ ಇನ್ನೊಂದು ಸಂಸಾರ ಹೂಡಿದ. ಅದನ್ನೆಲ್ಲ ಅವಳು ಹಳೆಯ ಗಾಯದ ಕಲೆ ತೋರಿಸುವಷ್ಟು ನಿರಾಳವಾಗಿ ಹೇಳುತ್ತಿದ್ದಳು. ಹೇಳದೆ ಇಟ್ಟುಕೊಂಡಿದ್ದು ಬೇರೆಯೇ ಇತ್ತು. ಭಾನುವಾರ ಬೆಳಿಗ್ಗೆ ಅಪಿಸಾಯಿ ಚರ್ಚಿಗೆ ಹೊರಡುವ ಮುನ್ನ ಸ್ನಾನದ ಮನೆಯಲ್ಲಿ ದೇವರ ಹಾಡನ್ನು ಗಟ್ಟಿಯಾಗಿ ಹಾಡುತ್ತಿದ್ದ. ಅವಳು ಆಗ ಕೆಟಲ್ ಹಚ್ಚುತ್ತಿರಲಿಲ್ಲ, ಅದರ ಸದ್ದಿನಲ್ಲಿ ಒಂದು ಸಾಲು ತಪ್ಪಿಹೋದೀತೆಂದು.

ತಪ್ಪನ್ನು ಅವಳೇ ಲೀಗಿಗೆ ತಿಳಿಸಿದಳು. ಕ್ಲಬ್ಬಿಗೆ ಸಣ್ಣ ದಂಡ ಬಿತ್ತು. ಗ್ರಾಂಟ್ ಎರಡು ದಿನ ಮುಖ ಊದಿಸಿಕೊಂಡಿದ್ದು ಮೂರನೆಯ ದಿನ ಬಂದ.

"ಹೋಗ್ಲಿ ಬಿಡು ಮಾರಾಯ್ತಿ. ಇನ್ಮುಂದೆ ನಿಮ್ಮ ಬೀದಿಲಿರೋ ರೇಟಿನ ಹಾಗೆ ಬಾಡಿಗೆ ಇಸ್ಕೋ, ಆಮೇಲೆ ಯಾರ ತಕರಾರೂ ಇರಲ್ಲ. ಅವನ ಹೊಸ ಕರಾರಿಗೆ ಸಹಿ ಹಾಕ್ಸಿಬಿಡು. ಉತ್ತರದ ಕ್ಲಬ್ಬಿನವರು ಹೆಚ್ಚುಕಡಿಮೆ ಎರಡರಷ್ಟು ಕೊಡ್ತೀವಿ ಅಂತಿದಾರೆ. ನಮ್ಮ ಹತ್ರ ಮಿತಿಯೊಳಗೆ ಉಳಿದಿರೋದು ಚಿಲ್ಲರೆ. ಆದ್ರೂ ಇಲ್ಲೇ ಇರ್ತೀನಿ ಅಂತಾನಲ್ಲ, ಏನು ನಿಯತ್ತು ನೋಡು!"

ನಿಯತ್ತು. ರೇಲೀನ್ ಆ ಮಾತನ್ನು ಮನೆಯವರೆಗೂ ಹೊತ್ತುಕೊಂಡು ಬಂದಳು. ಕಡಿಮೆ ಸಂಬಳಕ್ಕೆ ಆಟಗಾರನನ್ನು ಉಳಿಸಿಕೊಳ್ಳಲು ಕ್ಲಬ್ಬಿನವರು ಕದ್ದು ಮನೆ ಕೊಡುತ್ತಾರೆ, ಊಟ ಹಾಕುತ್ತಾರೆ, ಅವನ ಮನಸ್ಸು ಕಟ್ಟಿಹಾಕುತ್ತಾರೆ ಎಂದೇ ಅಲ್ಲವೇ ಆ ನಿಯಮ ಹುಟ್ಟಿದ್ದು? ಅಷ್ಟನ್ನೂ ಅವಳು ಮಾಡಿದ್ದಳು. ಮೋಸವೆಂದು ತಿಳಿದು ಮಾಡಿರಲಿಲ್ಲ, ನಿಜ. ಆದರೆ ಸಿಂಗಾಟೋಕಾದಲ್ಲಿ ಅವನನ್ನು ಹೆತ್ತವಳು ಈಗಲೂ ತಗಡಿನ ಮಾಡಿನ ಕೆಳಗಿದ್ದಳು. ಉತ್ತರದ ಸಂಬಳ ಬಂದರೆ ಒಂದೇ ವರ್ಷದಲ್ಲಿ ಅಲ್ಲಿ ಗಟ್ಟಿ ಮನೆ ಏಳುತ್ತಿತ್ತು. ಮೊಣಕಾಲು ಗಟ್ಟಿ ಇರುವ ನಾಲ್ಕೈದು ವರ್ಷವೇ ಈ ಆಟದವರ ದುಡಿಮೆ.

ಶನಿವಾರ ಅವನು ಹುಲ್ಲು ಕತ್ತರಿಸಿ, ಬೆವರು ಒರೆಸಿಕೊಳ್ಳುತ್ತಾ ಹಿತ್ತಲ ಮೆಟ್ಟಿಲ ಮೇಲೆ ಕುಳಿತ. ರೇಲೀನ್ ನಿಂತೇ ಇದ್ದಳು.

"ಅಪಿ, ಇನ್ಮೇಲೆ ಕೋಣೆಗೆ ಬಾಡಿಗೆ ಕೊಡಬೇಕು. ವಾರಕ್ಕೆ ನಾನೂರೈವತ್ತು ಡಾಲರ್."

ಅವನು ಜೋರಾಗಿ ನಕ್ಕ. "ನಾನೂರೈವತ್ತಾ! ಆ ಮಂಚದಲ್ಲಿ ನನ್ನ ಕಾಲು ಮೊಣಕಾಲಿನ ತನಕ ಹೊರಗಿರುತ್ತೆ ಆಂಟಿ. ಒಳಗಿರೋ ಭಾಗಕ್ಕೆ ಮಾತ್ರ ಕೊಡ್ತೀನಿ."

ಅವಳು ನಗಲಿಲ್ಲ. ಅವನ ನಗುವೂ ಇಳಿಯಿತು.

"ಕ್ಲಬ್ಬಿನ ವಿಷಯನಾ?"

"ಹ್ಞೂಂ."

"ಸರಿ ಬಿಡಿ. ವಾರವಾರ ಕೊಡ್ಲಾ, ತಿಂಗಳಿಗೊಮ್ಮೆ ಕೊಡ್ಲಾ?"

ಬಾಡಿಗೆ ಕೇಳಿದರೆ ಅವನಿಗೆ ಬೇಸರವಾದೀತು, ತಾನಾಗಿಯೇ ಹೊರಟಾನು, ಹೋಗು ಎನ್ನುವ ಮಾತು ತನ್ನ ಬಾಯಿಂದ ಬರುವ ಅಗತ್ಯವೇ ಬೀಳದು ಎಂದು ಅವಳು ಲೆಕ್ಕ ಹಾಕಿದ್ದಳು. ಅವನು ಇಷ್ಟು ಸಲೀಸಾಗಿ ಒಪ್ಪಿದ್ದೇ ಅವಳ ಎದೆಗೆ ಒದ್ದಂತಾಯಿತು. ಅದರ ಹಿಂದೆಯೇ, ನಾಚಿಕೆಯಿಲ್ಲದೆ, ಸಂತೋಷವೂ ಬಂತು. ಇರಲಿ. ಇದ್ದುಬಿಡಲಿ. ಇನ್ನು ಯಾವ ನಿಯಮದ ಅಡ್ಡಿಯೂ ಇಲ್ಲ.

"ನಿಮ್ಮಮ್ಮನಿಗೆ ಗೊತ್ತಾ, ಉತ್ತರದವರು ಕರೆದಿರೋದು?"

ಅವನು ಶೂಗೆ ಮೆತ್ತಿದ್ದ ಹುಲ್ಲನ್ನು ಬಿಡಿಸತೊಡಗಿದ. "ಹೇಳಿಲ್ಲ."

"ಯಾಕೆ?"

"ಹೇಳಿದ್ರೆ ಹೋಗು ಅಂತಾಳೆ. ನೀವು ಇರು ಅನ್ನಿ ಆಂಟಿ, ಇರ್ತೀನಿ. ಒಂದು ಸಲ ಅನ್ನಿ ಸಾಕು."

ಇರು ಎಂಬ ಆ ಒಂದು ಮಾತು ಅವಳ ನಾಲಿಗೆಯ ತುದಿಗೆ ಎಷ್ಟು ಹತ್ತಿರ ಬಂದಿತ್ತೆಂದರೆ, ಬಾಯಿ ತೆರೆದರೆ ತಾನೇ ಉದುರೀತೆಂದು ಹೆದರಿ ಅವಳು ತುಟಿ ಬಿಗಿಹಿಡಿದಳು.

ಕೊನೆಗೆ, "ನಿನ್ನ ಬಾಡಿಗೆ ನನಗೆ ಬೇಡ ಕಣೋ," ಎಂದಳು. "ಹೋಗು. ಹೋಗಿ ಅಮ್ಮನಿಗೊಂದು ಮನೆ ಕಟ್ಟಿಸು."

"ನನ್ನನ್ನ ಓಡಿಸ್ತಿದೀರಾ?"

"ಹೌದು," ಎಂದು ಅವಳು ಒಳಗೆ ಹೋದಳು. ಇನ್ನೊಂದು ಕ್ಷಣ ನಿಂತಿದ್ದರೆ ಅಲ್ಲ ಎಂದುಬಿಡುತ್ತಿದ್ದಳು.

ಅವನ ಹೊಸ ತಂಡ ಹೆರನ್ಸ್ ಮೈದಾನಕ್ಕೆ ಆಡಲು ಬಂದಿದ್ದು ಮುಂದಿನ ವರ್ಷ ಏಪ್ರಿಲ್‌ನಲ್ಲಿ. ಗ್ರಾಂಟ್‌ನ ಪಕ್ಕದಲ್ಲಿ ಕ್ಲಬ್ಬಿನ ಸ್ಕಾರ್ಫ್ ಸುತ್ತಿಕೊಂಡು ಕುಳಿತಿದ್ದ ರೇಲೀನ್, ಅಪಿಸಾಯಿ ಚೆಂಡು ಹಿಡಿದಾಗಲೆಲ್ಲ ಕೈಗಳನ್ನು ತೊಡೆಯ ಕೆಳಗೆ ಸೇರಿಸಿಕೊಂಡಳು. ಅವನನ್ನು ಮೂವರು ಸೇರಿ ಕೆಡವಿದಾಗ ಸುತ್ತಲಿದ್ದವರೆಲ್ಲ ಎದ್ದು ಕೂಗಿದರು. ಅವಳೂ ಎದ್ದಳು, ಅವನು ಏಳುತ್ತಾನೋ ಎಂದು ನೋಡಲು.

ಆಟ ಮುಗಿದ ಮೇಲೆ ಎರಡೂ ತಂಡಗಳಲ್ಲಿದ್ದ ಫಿಜಿ ಮೊದಲಾದ ದ್ವೀಪಗಳ ಹುಡುಗರು ಎಂದಿನಂತೆ ಮೈದಾನದ ನಡುವೆ ಮಂಡಿಯೂರಿ ಪ್ರಾರ್ಥಿಸಿದರು. ಅದು ಮುಗಿದದ್ದೇ ಅಪಿಸಾಯಿ ಪ್ರೇಕ್ಷಕರ ಸಾಲಿನ ಬೇಲಿಯ ಹತ್ತಿರ ಬಂದು ಅವಳನ್ನು ಬೆವರಿನ ಮೈಗೇ ಒತ್ತಿಕೊಂಡ.

"ಗೋಡೆ ಎದ್ದಿದೆ ಆಂಟಿ. ಅಮ್ಮ ಕಿಟಕಿಗೆ ಹಸಿರು ಬಣ್ಣನೇ ಬೇಕು ಅಂತ ಹಟ ಹಿಡಿದಿದಾಳೆ."

"ಹಸಿರು ಚೆನ್ನಾಗಿರುತ್ತೆ. ಊಟ ಸರಿಯಾಗಿ ಮಾಡ್ತಿದೀಯಾ?"

"ಎಲ್ಲಿ! ಮೂರು ಹೊತ್ತೂ ಬೇಯಿಸಿದ ಕೋಳಿ." ಅವನು ಹಲ್ಲು ಬಿಟ್ಟ. "ನಾನೀಗ ನಿಮ್ಮ ಆಟಗಾರ ಅಲ್ಲವಲ್ಲ, ಪುಕ್ಕಟೆ ಊಟ ಹಾಕಬಹುದು ತಾನೇ?"

"ಎಷ್ಟು ಬೇಕಾದ್ರೂ ಹಾಕಬಹುದು."

"ಬಸ್ಸು ಕಾಯ್ತಿದೆ ಆಂಟಿ, ಸೀದಾ ವಿಮಾನಕ್ಕೆ. ಮುಂದಿನ ಸಲ?"

"ಮುಂದಿನ ಸಲ," ಎಂದಳು ರೇಲೀನ್. ತೆಂಗಿನ ಹಾಲಿನಲ್ಲಿ ಬೇಯಿಸಿದ ಮರಗೆಣಸನ್ನು ಟವೆಲ್ಲಿನಲ್ಲಿ ಸುತ್ತಿ ಕಾರಿನಲ್ಲಿಟ್ಟು ಬಂದದ್ದನ್ನು ಅವಳು ಹೇಳಲಿಲ್ಲ. ಯಾರೋ ಅವನ ಹೆಸರು ಹಿಡಿದು ಕೂಗಿದರು. ಅವನು ಕೈಬೀಸುತ್ತಾ ಹಿಂದುಹಿಂದಕ್ಕೇ ಓಡಿದ.