ಚೌಕಟ್ಟಿನಾಚೆಯ ಅಲೆ

ಬಿರುಗಾಳಿ ಎರಡು ದಿನ ಊರನ್ನು ಹಣ್ಣುಗಾಯಿ ನೀರುಗಾಯಿ ಮಾಡಿ, ಮೂರನೆಯ ದಿನ ಬೆಳಿಗ್ಗೆ ತನಗೇನೂ ಗೊತ್ತೇ ಇಲ್ಲವೆಂಬಂತೆ ಹೊರಟುಹೋಯಿತು. ಬಿಸಿಲು ಬಿದ್ದದ್ದೇ ತಡ, ಫೋಟೋಗ್ರಾಫರ್ ತನ್ನ ಸ್ಟುಡಿಯೋದ ಷಟರ್ ಕೆಳಗೆಳೆದ. ಪಾಸ್‌ಪೋರ್ಟ್ ಫೋಟೋಗೆ ಕಾದು ಕೂತಿದ್ದವರು ಗೊಣಗಿದರು.

"ನಾಳೆ ಬನ್ನಿ. ಈಗ ಜನ ಸಮುದ್ರ ನೋಡೋಕೆ ಹೊರಡ್ತಾರೆ," ಎಂದ.

ಗಾಳಿ ಇರುವಾಗ ಅತ್ತ ನರಪಿಳ್ಳೆಯೂ ಸುಳಿಯುವುದಿಲ್ಲ. ನಿಂತ ಮೇಲೆ ಎಲ್ಲರಿಗೂ ಧೈರ್ಯ. ಕಡಲು ಮಾತ್ರ ಇನ್ನೊಂದೆರಡು ದಿನ ಒಳಗೊಳಗೇ ಕುದಿಯುತ್ತಿರುತ್ತದೆ.

ಅವನಿಗೆ ಇದು ಗೊತ್ತಾದದ್ದು ಹದಿನೆಂಟು ವರ್ಷದ ಹಿಂದೆ. ಹೊಸ ಕ್ಯಾಮೆರಾ, ಇಂಥದ್ದೇ ಬಿಸಿಲು. ಕಡಲ ತಡೆಗೋಡೆಯ ಬಂಡೆಗಳ ಮೇಲೆ ತಂಗಿಯನ್ನು ನಿಲ್ಲಿಸಿ, "ಇನ್ನೊಂದು ಹೆಜ್ಜೆ ಹಿಂದೆ ಹೋಗೇ," ಎಂದಿದ್ದ. "ಸಾಕೇನೋ ಅಣ್ಣಾ?" ಎಂದು ಅವಳು ನಕ್ಕಳು. ಕ್ಲಿಕ್ ಮಾಡಿ ಕ್ಯಾಮೆರಾದಿಂದ ಕಣ್ಣು ತೆಗೆಯುವಷ್ಟರಲ್ಲಿ ಬಂಡೆಯ ಮೇಲೆ ಬರೀ ನೊರೆ. ಅವಳು ಸಿಗಲೇ ಇಲ್ಲ. ರೀಲು ತೊಳೆದಾಗ, ನಗುವ ಮುಖದ ಹಿಂದೆ ಎರಡಾಳೆತ್ತರದ ನೀರು ಎದ್ದು ನಿಂತಿತ್ತು. ಅವನು ಮುಖವನ್ನಷ್ಟೇ ನೋಡಿದ್ದ.

ಅಮ್ಮನಿಗೆ ಆ ನಗು ಬೇಕಿತ್ತು. ಮುಖವನ್ನಷ್ಟೇ ಉಳಿಸಿ, ದೊಡ್ಡದು ಮಾಡಿ, ಚೌಕಟ್ಟು ಹಾಕಿಸಿ, ಊಟದ ಮನೆಯ ಗೋಡೆಗೆ ತೂಗುಹಾಕಿ ಕೊಟ್ಟ. "ಎಷ್ಟು ಚೆನ್ನಾಗಿ ತೆಗ್ದಿದ್ದೀಯೋ," ಎನ್ನುತ್ತ ಅಮ್ಮ ಈಗಲೂ ದಿನಾ ಗಾಜು ಒರೆಸುತ್ತಾಳೆ. ಕತ್ತರಿಸಿ ತೆಗೆದ ನೀರು ಗೋಡೆಯೊಳಗೆ ಏರುತ್ತಿರುವಂತೆ ಅವನೊಬ್ಬನಿಗೆ ಕಾಣುತ್ತದೆ. ಆ ಗೋಡೆಗೆ ಬೆನ್ನು ಹಾಕಿ ಅವನು ಒಂದು ದಿನವೂ ಊಟಕ್ಕೆ ಕೂತಿಲ್ಲ.

ಇವತ್ತು ಅವನು ಬಂದಾಗ, ಅದೇ ತಡೆಗೋಡೆಯ ಬಳಿ ಒಬ್ಬ ಅಪ್ಪ, ಕಾಲೇಜಿಗೆ ಹೋಗುವ ವಯಸ್ಸಿನ ಮಗಳನ್ನು ಕೆಳಗಿನ ಬಂಡೆಯ ಮೇಲೆ ನಿಲ್ಲಿಸಿ ಮೊಬೈಲ್ ಹಿಡಿದಿದ್ದ.

"ಸಾರ್, ಅಲ್ಲಿ ಬೇಡ. ಮಗಳನ್ನ ಮೇಲಕ್ಕೆ ಕರೀರಿ."

"ನೀವ್ಯಾರ್ರೀ?"

"ಯಾರಾದ್ರೇನು? ಮೇಲಿನ ಕಲ್ಲೆಲ್ಲ ಒಣಗಿದೆ, ಅದೊಂದೇ ಒದ್ದೆ. ಅಲ್ಲಿವರೆಗೂ ನೀರು ಬಂದಿದೆ ಅಂತ ತಾನೇ?"

"ಹತ್ತು ನಿಮಿಷದಿಂದ ಇದ್ದೀವಿ, ಒಂದು ಹನಿ ಬಿದ್ದಿಲ್ಲ. ಸುಮ್ನೆ ತಲೆ ತಿನ್ಬೇಡಿ."

"ಅವತ್ತು ನಾವು ಅರ್ಧ ಗಂಟೆ ಇದ್ವಿ ಸಾರ್, ಒಂದು ಹನಿ ಬಿದ್ದಿರ್ಲಿಲ್ಲ."

ಆ 'ನಾವು' ಹುಡುಗಿಯ ಕಿವಿಗೆ ಬಿತ್ತು. "ನಿಮ್ಮ ಜೊತೆ ಯಾರಿದ್ರು ಅಂಕಲ್?"

ಮಾತು ತಾನಾಗಿ ಹೊರಬಂತು. "ನನ್ನ ತಂಗಿ. ಹಿಂದೆ ಹೋಗು ಅಂದವನು ನಾನೇ. ಅಮ್ಮನಿಗೆ ಮಾತ್ರ, ಅವಳಾಗೇ ಹಿಂದೆ ಹೋದ್ಲು ಅಂತ ಹೇಳಿಬಿಟ್ಟಿದ್ದೀನಿ."

ಹುಡುಗಿ ನೀರಿನ ಮೇಲಿಟ್ಟ ಕಣ್ಣು ಕೀಳದೆ, ಕಲ್ಲು ಹಿಡಿದು ಹಿಡಿದು ಮೇಲೆ ಬಂದಳು. ಅಪ್ಪ ಮೊಬೈಲ್ ಜೇಬಿಗಿಳಿಸಿ ಅವಳ ಕೈ ಹಿಡಿದುಕೊಂಡ. ಇಬ್ಬರೂ ರಸ್ತೆ ಸೇರಿದರು.

ಫೋಟೋಗ್ರಾಫರ್ ತಡೆಗೋಡೆಯಿಂದ ದೂರ, ಎತ್ತರದ ಮೆಟ್ಟಿಲ ಮೇಲೆ ಕೂತು ಆ ಬಂಡೆಯನ್ನೇ ನೋಡಿದ. ಅಲೆ ಈಗ ಬರುತ್ತದೆ ಅಂದುಕೊಂಡ. ಬರಲಿಲ್ಲ. ಗಂಟೆ ಕಳೆಯಿತು. ಬಿಸಿಲಿಗೆ ಬಂಡೆಯ ಅಂಚು ಬೆಳ್ಳಗಾಗತೊಡಗಿತು. ಬರಲಿ, ಒಂದೇ ಒಂದು ಬರಲಿ, ನಾನು ಆ ಅಪ್ಪನಿಗೆ ಹೇಳಿದ್ದು ನಿಜವಾಗಲಿ ಎಂದು ತುಟಿ ಮಿಸುಕುತ್ತಿತ್ತು. ತಾನು ಕೂತು ಕರೆಯುತ್ತಿರುವುದು ಯಾವುದನ್ನು ಎಂಬುದು ಹೊಳೆಯಿತು. ಬಾಯಿಯ ಮೇಲೆ ಕೈ ಒತ್ತಿ ಹಿಡಿದ.

ಅಷ್ಟರಲ್ಲಿ ಇಬ್ಬರು ಹೆಂಗಸರು ಚಪ್ಪಲಿ ಕೈಯಲ್ಲಿ ಹಿಡಿದು, ನಗುತ್ತ, ಅವನನ್ನು ದಾಟಿ ಕೆಳಗಿಳಿಯಹೊರಟರು. ಅವನು ಎದ್ದುಹೋಗಿ, ಎರಡೂ ಕೈ ಚಾಚಿ, ಅವರ ದಾರಿಗೆ ಅಡ್ಡ ನಿಂತ.